ಅಂಚಿನಲ್ಲಿ ಮಲಗಿದ ಓಟ್ಮಾರ್

ಗುರುಗಳಾದ ಗೆರುಂಗ್ ಅವರಿಗೆ ಶಿಷ್ಯ ಓಟ್ಮಾರನ ನಮಸ್ಕಾರ.

ನಿಮ್ಮ ಲ್ಯಾಟಿನ್ ವ್ಯಾಕರಣದ ನಕಲು ಪ್ರತಿ ನಮ್ಮ ಮಠದ ಶಾಲೆಗೆ ಬಂತು. ಪುಟಗಳ ಅಂಚಿನ ತುಂಬ ನಿಮ್ಮ ವ್ಯಾಖ್ಯಾನವಿದೆ. ಇಪ್ಪತ್ತು ವರ್ಷದ ಹಿಂದೆ ಪಾಠದ ನಡುವೆ ನೀವು ಅಲ್ಲೇ ಗೀಚಿದ್ದ 'ಓಟ್ಮಾರ್ ಮತ್ತೆ ನಿದ್ದೆ ಹೋದ' ಎಂಬುದೂ ಇದೆ. ನಕಲು ಮಾಡಿದವರು ಅದನ್ನೂ ವ್ಯಾಖ್ಯಾನವೆಂದುಕೊಂಡು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಈಗ ನನ್ನ ಶಿಷ್ಯರು ಅದನ್ನು ಬಾಯಿಪಾಠ ಮಾಡಿ ನನಗೇ ಒಪ್ಪಿಸುತ್ತಾರೆ.

"ಈ ಓಟ್ಮಾರ್ ನೀವೇನಾ ಗುರುಗಳೇ?" ಅಂತ ಒಬ್ಬ ಕೇಳಿದ.

"ಅವನ್ಯಾರೋ ಹಳೇ ಕಾಲದ ಪಂಡಿತ ಕಣಪ್ಪಾ" ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಅಳಿಸಿ ಎಂದು ಕೇಳುವುದಿಲ್ಲ. ನಕಲುಗಳು ಆಗಲೇ ಐದು ಮಠಗಳಿಗೆ ಹೋಗಿಯಾಗಿದೆ. ನಿಮ್ಮ ಮೂಲ ಪ್ರತಿಯಲ್ಲಿ ಅದರ ಪಕ್ಕಕ್ಕೆ 'ಈಗ ಎದ್ದಿದ್ದಾನೆ' ಎಂದು ಬರೆದುಬಿಡಿ. ಉಳಿದದ್ದನ್ನು ನಕಲು ಮಾಡುವವರು ನೋಡಿಕೊಳ್ಳುತ್ತಾರೆ.

ನಿಮ್ಮ
ಓಟ್ಮಾರ್