ಸೀಳಿದ ಹಿಡಿ ಮರ

ಬಂದೂಕು ರಿಪೇರಿಯ ಅಣ್ಣನವರಿಗೆ,

ನಮ್ಮ ಯಜಮಾನರ ಜೋಡಿ ನಳಿಗೆಯ ಬಂದೂಕನ್ನು ನನ್ನ ತಮ್ಮನ ಕೈಯಲ್ಲಿ ಕಳಿಸಿದ್ದೇನೆ. ಹಿಡಿಯ ಮರ ಉದ್ದಕ್ಕೂ ಸೀಳಿದೆ. ಅಂಟು ಹಾಕಿದರೆ ಸಾಕು ಎಂದು ಅವರ ಹಟ. ಹೊಸ ಮರವೇ ಬೇಕು, ಚೆನ್ನಾಗಿ ಒಣಗಿದ್ದು ಸಿಗುವುದು ತಡವಾಗುತ್ತದೆ ಎಂದು ನೀವು ಹೇಳಿಕಳಿಸಬೇಕು.

ಅವರ ಕಣ್ಣು ಮಂಜಾಗಿದೆ. ಒಪ್ಪಿಕೊಳ್ಳುವುದಿಲ್ಲ. ಕಳೆದ ವಾರ ಸಂಜೆ, ಜೋಳದ ಹೊಲಕ್ಕೆ ಹಂದಿ ನುಗ್ಗಿದೆ ಎಂದು ಗುಂಡು ಹಾರಿಸಿದರು. ಅಲ್ಲಿ ಬಗ್ಗಿ ಹುಲ್ಲು ಕೊಯ್ಯುತ್ತಿದ್ದವಳು ನಾನು. ತಲೆಯ ಮೇಲಿನ ತೆನೆಗಳು ಉದುರಿದವು. ಬಂದೂಕು ಹಿಂದಕ್ಕೆ ಒದ್ದ ಏಟಿಗೆ ಅವರ ಕೈಜಾರಿ ಕಲ್ಲಿಗೆ ಬಡಿದು ಸೀಳಿತು. ನಾನು ನೆಲಕ್ಕೆ ಅಂಟಿಕೊಂಡಿದ್ದು, ಅವರು ಅತ್ತ ಹೋದ ಮೇಲೆ ಹಿಂದಿನ ದಾರಿಯಿಂದ ಮನೆಗೆ ಬಂದೆ.

"ಹಂದಿಗೆ ಏಟು ಬಿತ್ತಾ, ಬರೋ ದಾರೀಲಿ ನೋಡಿದ್ಯಾ?" ಎಂದು ಕೇಳಿದರು.

"ಇಲ್ಲ ಕಣ್ರೀ, ತಪ್ಪಿಸ್ಕೊಂಡು ಓಡಿಹೋಯ್ತು," ಎಂದೆ.

ನಿಜ ಗೊತ್ತಾದರೆ ಆ ಜೀವ ಕುಸಿದುಹೋಗುತ್ತದೆ. ಅವರೇ ಬಂದು ವಿಚಾರಿಸಿದರೂ ನನ್ನ ಸುದ್ದಿ ಎತ್ತಬೇಡಿ. ಕೆಲಸ ಎಷ್ಟು ತಡವಾದರೂ ನನಗೆ ಬೇಸರವಿಲ್ಲ. ಹೊಲದಲ್ಲಿ ಹುಲ್ಲು ಇನ್ನೂ ಅರ್ಧ ಉಳಿದಿದೆ, ನಾನೇ ಕೊಯ್ಯಬೇಕು.

ಇಂತಿ,
ನಿಮ್ಮ ತಂಗಿಯಂಥವಳು