ಹನ್ನೊಂದು ಸಾಲುಗಳಲ್ಲಿ ಒಬ್ಬಳೇ ತಂಗಿ

ಆಸ್ಪತ್ರೆಯ ದಾಖಲೆ ವಿಭಾಗದ ಮುಖ್ಯಸ್ಥರೇ,

ನನ್ನ ತಂಗಿಗೆ ಪೆನಿಸಿಲಿನ್ ಆಗಿಬರುವುದಿಲ್ಲ. ಈ ಮಾತು ನಿಮ್ಮ ಕಂಪ್ಯೂಟರಿನಲ್ಲಿ ಇದೆ, ಮೂರನೆಯ ಸಾಲಿನಲ್ಲಿ. ಕಳೆದ ತಿಂಗಳು ಅದೇ ಇಂಜೆಕ್ಷನ್ ಚುಚ್ಚುವ ಮುಂಚೆ ವೈದ್ಯರು ನೋಡಿದ್ದು ಹನ್ನೊಂದನೆಯ ಸಾಲು. ಮುಖ ಊದಿ ಉಸಿರು ಕಟ್ಟಿತು. ಅವಳು ನಮ್ಮ ಕೈಗೆ ಸಿಗುತ್ತಾಳೋ ಇಲ್ಲವೋ ಎಂದು ಎರಡು ದಿನ ವಾರ್ಡಿನ ಬಾಗಿಲಲ್ಲಿ ಕೂತಿದ್ದೆ. ಬರುವ ಸೋಮವಾರ ಅವಳಿಗೆ ಪಿತ್ತಕೋಶದ ಆಪರೇಷನ್. ಇಂದು ಬುಧವಾರ. ಅದಕ್ಕೇ ಹತ್ತು ಜನ ಓದಲಿ ಎಂದು ಬಹಿರಂಗವಾಗಿ ಬರೆಯುತ್ತಿದ್ದೇನೆ.

ನಿಮ್ಮ ಗುಮಾಸ್ತರು ಪರದೆಯನ್ನು ನನ್ನತ್ತ ತಿರುಗಿಸಿ ತೋರಿಸಿದರು. ಒಂದೇ ಉದ್ದನೆಯ ಹಾಳೆ. ತಂಗಿ ಬಂದಾಗಲೆಲ್ಲ ಹೊಸ ಸಾಲು, ಹೆಸರು ವಿಳಾಸ ರಕ್ತದ ಗುಂಪು ಎಲ್ಲವೂ ಮತ್ತೆ ಮೊದಲಿನಿಂದ.

"ಅಮ್ಮಾ, ಮೂರನೇ ಸಲ ಬಂದಾಗ ಹೇಳಿದ್ದೀರಿ. ಆಮೇಲೆ ಹೇಳೇ ಇಲ್ವಲ್ಲ."

"ಒಂದ್ಸಲ ಹೇಳಿದ್ರೆ ಸಾಲದೇನಪ್ಪ? ಬಂದಾಗೆಲ್ಲ ಹೊಸದಾಗಿ ಹುಟ್ಟಿ ಬರ್ತಾಳಾ ಅವಳು?"

"ಈ ಹಾಳೆ ಪ್ರಕಾರ ಹಾಗೇನೇ ಅಮ್ಮ."

ಪಾಪ, ಅವರನ್ನು ಬೈಯಲು ಬಾಯಿ ಬರಲಿಲ್ಲ. ನಿಮಗೆ ದೂರು ಕೊಟ್ಟೆ. "ಸೂಕ್ತ ಕ್ರಮ ಕೈಗೊಳ್ಳಲಾಗಿದೆ" ಎಂದು ಉತ್ತರ ಬಂತು. ಕ್ರಮವೆಂದರೆ ಹನ್ನೊಂದನೆಯ ಸಾಲಿಗೂ ಅದೇ ಸೂಚನೆ ಅಂಟಿಸಿ ಕೆಂಪು ಬಳಿದದ್ದು. ಭೇಷ್. ಸೋಮವಾರ ಹನ್ನೆರಡನೆಯ ಸಾಲು ಹುಟ್ಟುತ್ತದಲ್ಲ ಮಹಾಶಯರೇ, ಅದಕ್ಕೆ ಬಣ್ಣ ಬಳಿಯುವವರು ಯಾರು?

ನಾನು ಓದಿದ್ದು ಏಳನೇ ತರಗತಿ. ನಲವತ್ತು ವರ್ಷ ಹೊಲಿಗೆ ಯಂತ್ರ ತುಳಿದಿದ್ದೇನೆ. ನನ್ನ ಬಳಿ ಎರಡು ಪುಸ್ತಕಗಳಿವೆ. ಒಂದು ಗಿರಾಕಿಗಳದ್ದು: ಒಬ್ಬರಿಗೆ ಒಂದೇ ಪುಟ, ಒಂದು ನಂಬರು, ಅಳತೆ, ಎಡಭುಜ ಕೊಂಚ ಇಳಿದಿದೆ ಎಂಬಂಥ ಗುಟ್ಟು. ಇನ್ನೊಂದು ಹೊಲಿಯಲು ಬಂದ ಬಟ್ಟೆಗಳದ್ದು: ತಾರೀಖು, ಏನು ಹೊಲಿಯಬೇಕು, ಗಿರಾಕಿಯ ನಂಬರು, ಅಷ್ಟೇ. ಆ ನಂಬರು ಹಿಡಿದು ಮೊದಲ ಪುಸ್ತಕ ತೆರೆಯದೆ ನಾನು ಕತ್ತರಿ ಮುಟ್ಟಿದವಳಲ್ಲ. ಗಿರಾಕಿಗೆ ಹೊಟ್ಟೆ ಬಂದರೆ ಒಂದು ಕಡೆ ತಿದ್ದಿದರೆ ಮುಗಿಯಿತು. ನಮ್ಮ ಬೀದಿಯ ಕಂಪ್ಯೂಟರ್ ಮೇಷ್ಟ್ರು ಇದನ್ನು ಕೇಳಿ ನಕ್ಕರು. "ಅಜ್ಜಿ, ಡೇಟಾಬೇಸ್ ಅಂದ್ರೆ ಇದೇ. ಜನರ ಪಟ್ಟಿಗೆ ಒಂದು ಟೇಬಲ್ಲು, ಭೇಟಿಗಳ ಪಟ್ಟಿಗೆ ಇನ್ನೊಂದು. ನಂಬರು ಎರಡನ್ನೂ ಸೇರಿಸೋ ದಾರ."

ಅಂಗಿ ಕೆಟ್ಟರೆ ಬಿಚ್ಚಿ ಹೊಲಿಯಬಹುದು. ಅಂಥದ್ದಕ್ಕೂ ನನಗೆ ಇಷ್ಟು ಎಚ್ಚರ ಬೇಕಾಯಿತು. ನಿಮ್ಮ ಕೈಯಲ್ಲಿರುವುದು ಬಿಚ್ಚಿ ಹೊಲಿಯಬಹುದಾದ ವಸ್ತುವೇ?

ಶನಿವಾರದೊಳಗೆ ಆ ಹಾಳೆಯನ್ನು ಎರಡಾಗಿ ಒಡೆಯಿರಿ. ರೋಗಿಗೆ ಒಂದೇ ದಾಖಲೆ ಇರಲಿ, ಭೇಟಿಗಳು ಬೇರೆ ಇರಲಿ. ಯಾವ ಭೇಟಿಯನ್ನು ತೆರೆದರೂ ಆ ಎಚ್ಚರಿಕೆ ಕಣ್ಣಿಗೆ ರಾಚಬೇಕು. ಆಗದು ಎನ್ನುವಿರಾದರೆ, ಸೋಮವಾರ ಆಪರೇಷನ್ ಕೋಣೆಯ ಬಾಗಿಲಲ್ಲಿ ನಾನೇ ನಿಂತು ಒಳಹೋಗುವ ಪ್ರತಿಯೊಬ್ಬರಿಗೂ ಕೂಗಿ ಹೇಳುತ್ತೇನೆ. ನಾಚಿಕೆ ಯಾರಿಗೆ ಎಂಬುದು ನಿಮಗೆ ಬಿಟ್ಟದ್ದು.

ಇಂತಿ,
ಜೊತೆಗೆ ಬಂದವರು ಯಾರು ಎಂಬಲ್ಲಿ ಒಂದನೇ ಸಾಲಿನಲ್ಲಿ ತಾಯಿ, ಐದರಲ್ಲಿ ಅತ್ತೆ, ಒಂಬತ್ತರಲ್ಲಿ ನೆರೆಮನೆಯವಳು ಎಂದು ನೀವು ಬರೆದುಕೊಂಡಿರುವ
ಅವಳ ಅಕ್ಕ