ಕಂಡವರು ಬರುವ ತನಕ

ಮಲಪ್ರಭೆಯ ದಂಡೆಯಿಂದ,
ಇಸವಿ ಎರಡು ಸಾವಿರದ ಮುನ್ನೂರ ಹತ್ತೊಂಬತ್ತು, ಹದಿಮೂರನೆಯ ತಿಂಗಳ ಮೊದಲ ಸೋಮವಾರ.

ಹಿರಿಯರೇ,

ಹದಿಮೂರನೆಯ ತಿಂಗಳೆಂದರೆ ನಗಬೇಡಿ. ಮಳೆ ತನ್ನ ಲೆಕ್ಕ ತಪ್ಪಿದ ಮೇಲೆ ನಾವೊಂದು ತಿಂಗಳು ಸೇರಿಸಿಕೊಂಡೆವು. ನನ್ನ ಮಾತುಗಳೂ ನಿಮಗೆ ವಿಚಿತ್ರವೆನಿಸಬಹುದು, ಹೊಟ್ಟೆಗೆ ಹಾಕಿಕೊಳ್ಳಿ. ನಾನು ನೀಲಗಂಗವ್ವ, ನೂಲಿಗೆ ಬಣ್ಣ ಹಾಕುವವಳು. ನಿಮ್ಮ ಮೇಲೆ ನನಗೆ ಸಿಟ್ಟಿದೆ. ಆದರೂ ಬೈಯಲೆಂದು ಬರೆಯುತ್ತಿಲ್ಲ.

ನಿಮ್ಮ ಕಾಲದ ಇ-ಮೇಲ್ ಹುಳುವಿನ ಪಾಠ ನಮ್ಮ ಮಕ್ಕಳಿಗೆ ಮೊದಲ ತರಗತಿಯಲ್ಲೇ ಇದೆ. ಅದು ಒಬ್ಬರ ಕಂಪ್ಯೂಟರ್ ಹೊಕ್ಕು, ಅಲ್ಲಿದ್ದ ವಿಳಾಸಗಳನ್ನೆಲ್ಲ ಕದ್ದು, ಗೆಳತಿಯ ಹೆಸರಿನಲ್ಲಿ ಗೆಳತಿಗೆ, ಅಳಿಯನ ಹೆಸರಿನಲ್ಲಿ ಮಾವನಿಗೆ ‘ಫೋಟೋ ಕಳಿಸಿದ್ದೇನೆ, ತೆಗೆದು ನೋಡಿ’ ಎಂದು ಬರೆಯುತ್ತಿತ್ತಂತೆ. ನಮ್ಮವರೇ ಅಲ್ಲವೇ ಎಂದು ನೀವು ತೆಗೆಯುತ್ತಿದ್ದಿರಿ. ಅಲ್ಲಿಂದ ಅದು ನಿಮ್ಮ ಹೆಸರು ಹೊತ್ತು ಮುಂದಿನ ಮನೆಗೆ. ಹೆಸರು ಕಳೆದುಕೊಂಡವರು ನಾಚಿ ಬಾಯಿ ಮುಚ್ಚಿಕೊಂಡರು. ಮೋಸಹೋದವರು ಅವರನ್ನೇ ಬೈದರು. ಯಾರೂ ಯಾರನ್ನೂ ಕರೆದು ಕೇಳಲಿಲ್ಲ. ಕೊನೆಗೆ ಬರೆದದ್ದನ್ನು ನಂಬುವವರೇ ಇಲ್ಲವಾದರು.

ಆಗ ನಮ್ಮ ಮುತ್ತಜ್ಜಂದಿರು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರು. ಈಗ ಪ್ರತಿ ಮನೆಯ ಗೋಡೆಯಲ್ಲೂ ಒಂದು ತಡೆಗೂಡು ಇದೆ. ಬಂದ ಸಂದೇಶ, ಫೋನಿನ ದನಿ ಕೂಡ, ಅದರೊಳಗೆ ಕೂರುತ್ತದೆ. ಹೊರಗೆ ಕಾಣುವುದು ಕಳಿಸಿದವರ ಹೆಸರು ಮಾತ್ರ. ಕಳಿಸಿದವರನ್ನು ಕಣ್ಣಾರೆ ನೋಡಿದ ಒಬ್ಬರು ಬಂದು, ಹೊಸ್ತಿಲ ಮೇಲೆ ನಿಂತು ‘ಕಂಡೇನ್ರಿ’ ಎಂದು ಹೆಬ್ಬೆರಳು ಒತ್ತಿದರೇ ಗೂಡು ತೆರೆಯುವುದು. ಇವರನ್ನು ಕಂಡವರು ಎನ್ನುತ್ತೇವೆ. ತಾವೇ ಓಡುವ ಗಾಡಿಗಳಿಗೂ ಸುಳ್ಳು ವಿಳಾಸ ಕೊಟ್ಟು ದಾರಿ ತಪ್ಪಿಸಬಹುದೆಂದು ಅವರು ನಡೆದೇ ಬರಬೇಕು. ಕೂಸು ಹುಟ್ಟಿದ ಸುದ್ದಿ ತೆರೆಯುವಷ್ಟರಲ್ಲಿ ಕೂಸಿಗೆ ಹಲ್ಲು ಬಂದಿರುತ್ತದೆ. ಮದುವೆಗೆ ತಡವಾಗಿ ಬರುವ ನೆಂಟರಿಗೆಂದೇ ಇನ್ನೊಂದು ಊಟ ಮಾಡಿಸುತ್ತೇವೆ, ಅದಕ್ಕೆ ತಂಗಳ ಬೀಗೂಟ ಎಂದು ಹೆಸರು. ನಗುತ್ತೇವೆ, ಉಣ್ಣುತ್ತೇವೆ, ರೂಢಿಯಾಗಿಬಿಟ್ಟಿದೆ.

ಹೋದ ತಿಂಗಳು ಗೂಡಿನ ಮೇಲೆ ನನ್ನ ತಂಗಿ ಸಾವಂತ್ರೆವ್ವನ ಹೆಸರು ಬೆಳಗಿತು. ಅವಳದ್ದು ಹೊಳೆಯಾಚೆಯ ಊರು. ಇವಳದ್ದು ಯಾವಾಗಲೂ ಉಪ್ಪಿನಕಾಯಿ ಪುರಾಣ ಎಂದು ನಕ್ಕು ಕೆಲಸಕ್ಕೆ ಹೋದೆ. ಅಷ್ಟರಲ್ಲಿ ಹೊಳೆ ತುಂಬಿ, ಕಂಡವನು ಆಚೆ ದಡದಲ್ಲೇ ಉಳಿದ. ನೀರಿಳಿದ ಮೇಲೆ ಬಂದು, ‘ಕಂಡೇನ್ರೀ ಯಕ್ಕಾ, ಎದ್ದು ಕುಂತಿದ್ರು’ ಎಂದು ಬೆರಳೊತ್ತಿದ. ಪಾಪ, ಅವನು ಹೊರಟಾಗ ಕೂತೇ ಇದ್ದಳು.

‘ಅಕ್ಕಾ, ಜ್ವರ ಇಳೀವಲ್ದು. ಕಂಡವರ ಹಾದಿ ಕಾಯಬ್ಯಾಡ, ಲಗೂನ ಬಾ. ಬರದಾಕಿ ಖರೇನ ನಾನ.’

ಎದ್ದುಬಿದ್ದು ಓಡಿದೆ. ಅವಳ ಊರ ಅಗಸಿ ಬಾಗಿಲಲ್ಲಿ, ಅವಳನ್ನು ಮಣ್ಣು ಮಾಡಿ ಬರುವವರು ಎದುರಾದರು.

ಅಯ್ಯೋ, ಹುಳುವೂ ಹಾಗೆಯೇ ಬರೆಯುತ್ತಿತ್ತಲ್ಲ, ನಾನೇ ಎಂದು! ಕಾಯಬೇಡ ಎಂದು ಅವಳು ಬರೆದದ್ದೂ ನಮ್ಮ ಗೂಡಿನೊಳಗೆ ಕಾಯುತ್ತಾ ಕೂತಿತ್ತು.

ಹಿರಿಯರೇ, ನಿಮಗೆ ಕೈಮುಗಿದು ಕೇಳುತ್ತೇನೆ. ನಿಮ್ಮವರ ಹೆಸರಿನಲ್ಲಿ ಅವರದ್ದಲ್ಲದ ಧಾಟಿಯ ಸಂದೇಶ ಬಂದರೆ ತೆರೆಯಬೇಡಿ, ಅಳಿಸಿ ಸುಮ್ಮನಾಗಲೂ ಬೇಡಿ. ಒಂದು ಫೋನ್ ಮಾಡಿ, ಇದು ನೀನೇನಾ ಎಂದು ಕೇಳಿ. ನಿಮ್ಮ ಹೆಸರನ್ನೇ ಕದ್ದಿದ್ದರೆ ನಾಚದೆ ಎಲ್ಲರಿಗೂ ಹೇಳಿ. ಆ ಕಡೆಯಿಂದ ತಂಗಿಯ ದನಿ ಬಂದರೆ ಲಗುಬಗೆಯಿಂದ ಫೋನ್ ಇಡಬೇಡಿ. ಉಪ್ಪಿನಕಾಯಿ ಪುರಾಣವನ್ನಾದರೂ ಪೂರ್ತಿ ಕೇಳಿ.

ನಿಮ್ಮ ಮುಂದಿನವಳು,
ನೀಲಗಂಗವ್ವ